ಡಿಕ್ಕಿಯ ಮೂಲೆಗೆ ಫೈಬರ್‌ಗ್ಲಾಸ್ ಪೆಟ್ಟಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾರಿನ ಡಿಕ್ಕಿಯ ಒಂದು ಮೂಲೆಗೆ ಸರಿಯಾಗಿ ಕೂರುವಂತೆ 10 ಇಂಚಿನ ಸಬ್‌ವೂಫರ್‌ಗೆ ಮುಚ್ಚಿದ ಪೆಟ್ಟಿಗೆ ಮಾಡಬೇಕೆಂದಿದ್ದೇನೆ. ಗಾಜಿನ ನಾರಿನ ಮ್ಯಾಟ್ ಎಷ್ಟು ಪದರ ಬೇಕು? ಅದನ್ನು ಗಟ್ಟಿಗೊಳಿಸುವ ದ್ರವ ರೆಸಿನ್ ಎಷ್ಟು ತರಲಿ?

ಉತ್ತರ: ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಸ್ಟ್ರಾಂಡ್ ಮ್ಯಾಟ್ (ತುಂಡು ಎಳೆಗಳ ಹಾಸು) ಒಂದು ಪದರಕ್ಕೆ ಹೆಚ್ಚುಕಡಿಮೆ 1 ಮಿ.ಮೀ. ದಪ್ಪ ಕೊಡುತ್ತದೆ. ಹಿಂಬದಿಯ ಚಿಪ್ಪಿಗೆ 5 ಪದರ ಹಾಕಿ. ಮುಂಬದಿಗೆ, ಸ್ಪೀಕರ್ ಕೂರುವ ಉಂಗುರದಿಂದ ಚಿಪ್ಪಿನ ಅಂಚಿಗೆ ಉಣ್ಣೆಯಂತಿರುವ ಫ್ಲೀಸ್ ಬಟ್ಟೆ ಎಳೆದು ರೆಸಿನ್ ಕುಡಿಸಿದ ಮೇಲೆ, ಒಳಗಿನಿಂದ 3 ಪದರ ಸಾಕು. ರೆಸಿನ್ ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ಬೇಕು. ಹಿಂಬದಿ 0.6, ಮುಂಬದಿ 0.4 ಚದರ ಮೀಟರ್ ಎಂದಿಟ್ಟುಕೊಂಡರೆ ಮ್ಯಾಟ್ ಸುಮಾರು 1.9 ಕಿಲೋ, ಅದಕ್ಕೆ ರೆಸಿನ್ ನಾಲ್ಕರಿಂದ ನಾಲ್ಕೂಮುಕ್ಕಾಲು ಕಿಲೋ. ಫ್ಲೀಸ್ ಒಂದು ಕಿಲೋದಷ್ಟು ಕುಡಿಯುತ್ತದೆ. ಆರು ಕಿಲೋ ತಂದರೆ ನಡುವೆ ಪರದಾಟವಿಲ್ಲ.

ಕಾರಿನೊಳಗೆ ಮೊದಲ ಎರಡು ಪದರ ಮಾತ್ರ ಹಾಕಿ. ಅದಕ್ಕೂ ಮೊದಲು ಮೂಲೆಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಡ್ಡಡ್ಡ ಅಂಟಿಸಿ, ಮೇಲೆ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ರೆಸಿನ್ ಅಂಟದಂತೆ ತಡೆಯುವ ಮೋಲ್ಡ್ ವ್ಯಾಕ್ಸ್. ಸುತ್ತ ಒಂದು ಮೀಟರ್‌ವರೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಏಕೆಂದರೆ ರೆಸಿನ್ ತೊಟ್ಟಿಕ್ಕಿದ ಸೀಟು ಮತ್ತೆ ಮೊದಲಿನಂತಾಗುವುದಿಲ್ಲ. ಒಂದು ರಾತ್ರಿ ಬಿಟ್ಟು ಚಿಪ್ಪನ್ನು ಹೊರತೆಗೆದು, ಉಳಿದ ಮೂರು ಪದರವನ್ನು ಹೊರಗೆ, ಚಿಪ್ಪಿನ ಒಳಮೈಗೆ ಹಾಕಿ. ಹೊರಮೈಗೆ ಹಾಕಿದರೆ ಅದು ಮೂಲೆಯಲ್ಲಿ ಮತ್ತೆ ಕೂರುವುದಿಲ್ಲ. ಬ್ರಷ್‌ನಿಂದ ಉಜ್ಜಬೇಡಿ, ಚುಚ್ಚಿ ಚುಚ್ಚಿ ಕುಡಿಸಿ. ಮ್ಯಾಟಿನ ಬಿಳುಪು ಹೋಗಿ ಗಾಜಿನಂತೆ ಕಾಣಬೇಕು. ಬಿಳಿ ಚುಕ್ಕೆ ಉಳಿದ ಕಡೆ ಗಾಳಿ ಸಿಕ್ಕಿಕೊಂಡಿದೆ, ಮುಂದೆ ಬಿರುಕು ಬಿಡುವ ಜಾಗ ಅದೇ.

ಪ್ರಶ್ನೆ: ಎರಡು ದಿನವಾದರೂ ರೆಸಿನ್ ಅಂಟಂಟಾಗಿಯೇ ಇದೆ. ಇನ್ನೊಂದು ಬಾರಿ ಕಲಸಿದ್ದು ಡಬ್ಬದಲ್ಲೇ ಹೊಗೆಯಾಡಿ ಕಲ್ಲಾಯಿತು. ತಪ್ಪು ಎಲ್ಲಿ?

ಉತ್ತರ: ಎರಡೂ ಹಾರ್ಡನರ್‌ನ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವದ) ಲೆಕ್ಕಕ್ಕೆ ಸೇರಿದ ಮಾತು. ಆದರೆ ಮೊದಲನೆಯದು ತಪ್ಪೇ ಅಲ್ಲದಿರಬಹುದು. ಪದರ ಪದರವಾಗಿ ಹಾಕಲೆಂದೇ ಇರುವ, ಮೇಣ ಬೆರೆಸದ ಲ್ಯಾಮಿನೇಟಿಂಗ್ ರೆಸಿನ್‌ನ ಮೇಲ್ಮೈಗೆ ಗಾಳಿಯ ಆಮ್ಲಜನಕ ತಾಗಿದರೆ ಅದು ಪೂರ್ತಿ ಗಟ್ಟಿಯಾಗುವುದಿಲ್ಲ. ಮುಂದಿನ ಪದರ ಹಿಡಿಯಲು ಆ ಅಂಟೇ ಬೇಕು. ಉಗುರಿನಿಂದ ಒತ್ತಿ ನೋಡಿ. ಮೇಲೆ ಅಂಟು, ಕೆಳಗೆ ಗಟ್ಟಿ ಎಂದಾದರೆ ಮುಂದುವರಿಯಿರಿ. ಉಗುರು ಇಳಿದರೆ, ಮ್ಯಾಟ್ ಮೆತ್ತಗೆ ಕಿತ್ತುಬಂದರೆ, ಹಾರ್ಡನರ್ ಕಡಿಮೆಯಾಗಿದೆ ಅಥವಾ ಡಬ್ಬದ ಅಂಚಿನಲ್ಲಿದ್ದ ರೆಸಿನ್ ಬೆರೆತಿಲ್ಲ. ಅದನ್ನು ಕೆರೆದು ತೆಗೆಯಬೇಕು. ಅದರ ಮೇಲೆ ಹೊಸ ಪದರ ಹೊದಿಸಿದರೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

25–30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾಲಿಯೆಸ್ಟರ್ ರೆಸಿನ್‌ಗೆ ಎಂಇಕೆಪಿ ಹಾರ್ಡನರ್ ತೂಕದ ಶೇ. 1ರಿಂದ 1.5. ಎಂದರೆ 500 ಗ್ರಾಂ ರೆಸಿನ್‌ಗೆ ಹೆಚ್ಚೆಂದರೆ 7 ಮಿ.ಲೀ. ಸೂಜಿ ತೆಗೆದ ಸಿರಿಂಜ್‌ನಲ್ಲಿ ಅಳೆಯಿರಿ. ಮುಚ್ಚಳದ ಲೆಕ್ಕ, ಕಣ್ಣಂದಾಜು ಬೇಡ. ಚಳಿಯಿದ್ದರೆ ಶೇ. 2ರವರೆಗೆ ಏರಿಸಬಹುದು, ಅದಕ್ಕಿಂತ ಮೇಲೆ ಹೋಗಬೇಡಿ. ಹೊಗೆಯಾಡಿದ್ದಕ್ಕೆ ಇನ್ನೊಂದು ಕಾರಣ ರಾಶಿ. ಕಿಲೋಗಟ್ಟಲೆ ಆಳದ ಡಬ್ಬದಲ್ಲಿ ಕಲಸಿದರೆ ಹುಟ್ಟಿದ ಶಾಖ ಹೊರಹೋಗಲು ದಾರಿಯಿಲ್ಲ, ಆ ಶಾಖವೇ ಇನ್ನಷ್ಟು ಬೇಗ ಗಟ್ಟಿಯಾಗಿಸುತ್ತದೆ. 300–500 ಗ್ರಾಂ ಮಾತ್ರ ಕಲಸಿ ಅಗಲ ತಟ್ಟೆಗೆ ಸುರಿದುಕೊಳ್ಳಿ.

ಒಂದು ಮಾತು ಮರೆಯಬೇಡಿ: ರೆಸಿನ್ ಜತೆಗೆ ಕೋಬಾಲ್ಟ್ ಆಕ್ಸಲರೇಟರ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಬೇರೆ ಬಾಟಲಿಯಲ್ಲಿ ಬಂದಿದ್ದರೆ ಅದನ್ನು ಹಾರ್ಡನರ್‌ಗೆ ನೇರವಾಗಿ ಎಂದೂ ಬೆರೆಸಬಾರದು. ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಹಾರ್ಡನರ್‌ನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ, ಸುರಕ್ಷಾ ಕನ್ನಡಕ ಧರಿಸಿಯೇ ಬಾಟಲಿ ತೆರೆಯಿರಿ. ಧೂಳು ತಡೆಯುವ ಮಾಸ್ಕ್ ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿಗೆ ನಿಲ್ಲದು, ಆ ಆವಿ ಹೀರುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವುದೇ ಬೇಕು.

ಪ್ರಶ್ನೆ: ಅಚ್ಚಿಗೆ ಥರ್ಮೊಕೋಲ್ ಬಳಸಬಹುದೆ?

ಉತ್ತರ: ಪಾಲಿಯೆಸ್ಟರ್ ರೆಸಿನ್ ತಾಗಿದೊಡನೆ ಕರಗಿಹೋಗುತ್ತದೆ. ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್ ಆದರೆ ಕರಗದು, ಆದರೆ ಆಗ ಸಾಮಾನ್ಯ ಚಾಪ್ಡ್ ಮ್ಯಾಟ್ ಬೇಡ. ಅದರ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಸ್ಟೈರೀನ್‌ನಲ್ಲಿ ಕರಗಬೇಕು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ನೇಯ್ದ ಗ್ಲಾಸ್ ಬಟ್ಟೆ ತನ್ನಿ.

ಪ್ರಶ್ನೆ: ಅಡ್ಡಾದಿಡ್ಡಿ ಆಕಾರದ ಪೆಟ್ಟಿಗೆಯ ಗಾತ್ರ ಅಳೆಯುವುದು ಹೇಗೆ? ನನ್ನ ಸ್ಪೀಕರ್‌ನ ವಿಎಎಸ್ 30 ಲೀಟರ್, ಕ್ಯೂಟಿಎಸ್ 0.45, ಎಫ್‌ಎಸ್ 32 ಹರ್ಟ್ಜ್.

ಉತ್ತರ: ಈ ಮೂರೂ ಸ್ಪೀಕರ್‌ನ ಗುಣ ಹೇಳುವ ಅಂಕಿಗಳು: ವಿಎಎಸ್ ಎಂದರೆ ಕೋನ್‌ನ ಪುಟಿತಕ್ಕೆ ಸಮನಾದ ಗಾಳಿಯ ಗಾತ್ರ, ಕ್ಯೂಟಿಎಸ್ ಎಂದರೆ ಅದರ ಕಂಪನ ಎಷ್ಟು ಬೇಗ ತಣಿಯುತ್ತದೆಂಬ ಅಳತೆ, ಎಫ್‌ಎಸ್ ಎಂದರೆ ಪೆಟ್ಟಿಗೆಯಿಲ್ಲದ ಸ್ಪೀಕರ್‌ನ ಅನುರಣನ. ಮುಚ್ಚಿದ ಪೆಟ್ಟಿಗೆಯಲ್ಲಿ ಕೂತ ಸ್ಪೀಕರ್‌ಗೆ ಒಟ್ಟು ಕ್ಯೂ 0.707 ಇಟ್ಟುಕೊಳ್ಳೋಣ. 0.707 ಅನ್ನು 0.45ರಿಂದ ಭಾಗಿಸಿದರೆ 1.571. ಅದರ ವರ್ಗ 2.47, ಒಂದು ಕಳೆದರೆ 1.47. ವಿಎಎಸ್ 30 ಅನ್ನು ಇದರಿಂದ ಭಾಗಿಸಿ: ಸುಮಾರು 20.4 ಲೀಟರ್. ಪೆಟ್ಟಿಗೆಯೊಳಗೆ ಅನುರಣನ 32 × 1.571, ಎಂದರೆ 50 ಹರ್ಟ್ಜ್. ಸ್ಪೀಕರ್‌ನ ಆಯಸ್ಕಾಂತ, ಬುಟ್ಟಿ (ಕೋನ್ ಹಿಡಿದಿರುವ ಚೌಕಟ್ಟು) ತಿನ್ನುವ ಜಾಗವನ್ನೂ ಒಳಗಿಡುವ ಮರದ ಆಧಾರಗಳನ್ನೂ ಇದಕ್ಕೆ ಸೇರಿಸಿ. ಮೂರು ಲೀಟರ್ ಎಂದುಕೊಂಡರೆ ಖಾಲಿ ಪೆಟ್ಟಿಗೆ 23.4 ಲೀಟರ್ ಇರಬೇಕು.

ಅಳತೆಗೆ ಥರ್ಮೊಕೋಲ್ ಕಾಳು ಅಥವಾ ಅಕ್ಕಿ ಸಾಕು. ಐದು ಪದರವೂ ಮುಗಿದ ಚಿಪ್ಪನ್ನು ಅಂಚಿನವರೆಗೆ ತುಂಬಿ, ಲೀಟರ್ ಪಾತ್ರೆಯಲ್ಲಿ ಸುರಿದು ಎಣಿಸಿ. ಸ್ಪೀಕರ್ ಕೂರಿಸುವ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಂಗುರವನ್ನು ಎಷ್ಟು ಮುಂದೆ, ಯಾವ ಕೋನದಲ್ಲಿ ನಿಲ್ಲಿಸಬೇಕೆಂದು ಆಗ ಗೊತ್ತಾಗುತ್ತದೆ. ಫ್ಲೀಸ್ ಎಳೆದ ಮೇಲೆ ಅದು ಎರಡು ಆಧಾರಗಳ ನಡುವೆ ಒಳಕ್ಕೆ ಬಾಗುತ್ತದೆ, ಹಾಗಾಗಿ ಒಂದೂವರೆ ಲೀಟರ್ ಹೆಚ್ಚಿಗೆ ಬಿಡಿ. ಕೊನೆಗೆ ಸ್ಪೀಕರ್ ರಂಧ್ರದಿಂದ ತುಂಬಿ ಮತ್ತೆ ಅಳೆಯಿರಿ. ಹೆಚ್ಚಾದರೆ ಮರದ ತುಂಡು ಅಂಟಿಸಿ ಕಡಿಮೆ ಮಾಡಬಹುದು. ಸ್ವಲ್ಪ ಕಡಿಮೆಯಾಗಿದ್ದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ಹಾಕಿ. ಬಹಳ ಕಡಿಮೆಯಾದರೆ ಮುಂಬದಿ ಕತ್ತರಿಸುವುದೊಂದೇ ದಾರಿ.

ಪ್ರಶ್ನೆ: ನೋಡಲು ಚೆನ್ನಾಗಿಯೇ ಬಂದಿದೆ, ಆದರೆ ಬಾಸ್ ತೆಳ್ಳಗಿದೆ, ಜತೆಗೆ ಗುರ್ ಎಂಬ ಸದ್ದು.

ಉತ್ತರ: ಗಾಳಿ ಸೋರುತ್ತಿದೆ, ಇಲ್ಲವೆ ಗೋಡೆ ನಡುಗುತ್ತಿದೆ. ಆಂಪ್ಲಿಫೈಯರ್ ಆಫ್ ಮಾಡಿ, ಕೋನ್ ಅನ್ನು ನಾಲ್ಕು ಬೆರಳಿಂದ ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ನಿಧಾನ ಹಿಂದೆ ಬಂದರೆ ಪೆಟ್ಟಿಗೆ ಬಿಗಿಯಾಗಿದೆ, ತಟ್ಟನೆ ಪುಟಿದರೆ ಸೋರಿಕೆ. ಮೊದಲು ನೋಡಬೇಕಾದದ್ದು ತಂತಿ ಜೋಡಿಸುವ ಟರ್ಮಿನಲ್ ಕಪ್, ಆಮೇಲೆ ಉಂಗುರಕ್ಕೂ ಫ್ಲೀಸ್‌ಗೂ ಇರುವ ಸಂದು. ಸಿಲಿಕೋನ್ ಹಾಕಿದರೆ ಅದು ಪೂರ್ತಿ ಒಣಗುವವರೆಗೆ ಸ್ಪೀಕರ್ ಕೂರಿಸಬೇಡಿ.

ಸೋರಿಕೆ ಇಲ್ಲವಾದರೆ 40–50 ಹರ್ಟ್ಜ್ ಸ್ವರ ಹಾಕಿ, ಅಂಗೈಯನ್ನು ಪೆಟ್ಟಿಗೆಯ ಮೇಲೆ ಸರಿಸುತ್ತ ಹೋಗಿ. ಬಾಗಿದ ಭಾಗ ಸುಮ್ಮನಿರುತ್ತದೆ, ಸಪಾಟಾದ ಭಾಗ ಕೈಗೆ ಕಚಗುಳಿಯಿಡುತ್ತದೆ. ಅಲ್ಲಿ ಎರಡು ಪದರ ಮ್ಯಾಟ್ ಸೇರಿಸಿ, ಹಿಂಬದಿಯಿಂದ ಮುಂಬದಿಗೆ 25 ಮಿ.ಮೀ. ದಪ್ಪದ ಮರದ ಕಂಬಿ ನಿಲ್ಲಿಸಿ, ಎರಡೂ ತುದಿಗೆ ಮ್ಯಾಟ್ ಸುತ್ತಿ. ಪೂರ್ತಿ ಗಟ್ಟಿಯಾದ ಹಳೆಯ ಮೈಯನ್ನು 80ನೇ ನಂಬರ್ ಮರಳು ಕಾಗದದಿಂದ ಉಜ್ಜದೆ ಹೊಸ ಮ್ಯಾಟ್ ಹಾಕಬೇಡಿ, ಎದ್ದುಬರುತ್ತದೆ. ಇದನ್ನೆಲ್ಲ ಮಾಡುವ ಮೊದಲು ಡಿಕ್ಕಿಯ ಜಾಕ್, ಪಾನಾ, ನಂಬರ್ ಪ್ಲೇಟ್ ಬಿಗಿಯಾಗಿವೆಯೇ ನೋಡಿಕೊಳ್ಳಿ. ಗುರ್ ಎನ್ನುವವರು ಎಷ್ಟೋ ಸಲ ಅವರೇ.