ನಾಲ್ಕು ಖಾಲಿ ಗೆರೆ

ಕೌನ್ಸೆಲಿಂಗ್ ಕಲಿಯಲು ನನ್ನ ಬಳಿ ಬರುವ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ 'ಫ್ರೆಂಡ್ ಕೇಸು' ತರುತ್ತಾರೆ. ಶನಿವಾರದ ಸೂಪರ್‌ವಿಷನ್ (ಅವರ ಕೇಸುಗಳನ್ನು ನನ್ನ ಜೊತೆ ಕೂತು ಮಾತಾಡುವ ಹೊತ್ತು) ಮುಗಿದು ಉಳಿದವರೆಲ್ಲ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಇವರು ಮಾತ್ರ ಚಪ್ಪಲಿ ಸಿಗದವರ ಹಾಗೆ ಬಾಗಿಲಲ್ಲೇ ಸುತ್ತಾಡುತ್ತಿರುತ್ತಾರೆ. "ಮೇಡಂ, ನನ್ನ ಫ್ರೆಂಡ್ ಒಬ್ಳು ಬೇರೆ ಕಡೆ ಇಂಟರ್ನ್‌ಶಿಪ್ ಮಾಡ್ತಿದಾಳೆ, ಅವಳಿಗೊಂದು ಡೌಟು..." ಇಷ್ಟು ವರ್ಷದಲ್ಲಿ ಆ ಫ್ರೆಂಡನ್ನು ನಾನು ಒಮ್ಮೆಯೂ ಕಂಡಿಲ್ಲ.

ಈ ಸಲದ ಫ್ರೆಂಡಿನ ಡೌಟು ಇದು: ಕ್ಲೈಂಟ್ ಒಬ್ಬರು, "ಇದನ್ನ ನಿಮ್ಮ ಮೇಡಂಗೂ ಹೇಳ್ಬೇಡ" ಅಂದರೆ ಟ್ರೈನೀ ಏನು ಮಾಡಬೇಕು?

ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಲ್ಯಾಬಿನ ಮಹಡಿಯ ಮೇಲೆ ನನ್ನ ಎರಡು ಕೋಣೆಗಳಿವೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಎಂ.ಎಸ್ಸಿ. ಸೈಕಾಲಜಿ ಕೊನೆಯ ವರ್ಷದವರು ಸರದಿಯ ಮೇಲೆ ಕೂರುತ್ತಾರೆ. ಡೌಟು ತಂದ ಈ ಹುಡುಗಿ ಕಡೂರು ಕಡೆಯವಳು, ಇಪ್ಪತ್ಮೂರು ವರ್ಷ. ಅವಳ ಕ್ಲೈಂಟ್ ಸಕಲೇಶಪುರದ ಕಡೆಯ ಒಬ್ಬ ಅಕ್ಕ. ನಿದ್ದೆಯಿಲ್ಲ, ರಾತ್ರಿ ಎದೆ ಡವಗುಟ್ಟುತ್ತೆ ಅಂತ ಬಂದವರು. ಇಸಿಜಿ, ಥೈರಾಯ್ಡ್ ಎರಡೂ ನಾರ್ಮಲ್ ಬಂದ ಮೇಲೆ ಒಬ್ಬ ಡಾಕ್ಟರು ಕಳಿಸಿದ್ದರು. ಅಲ್ಲೇ ಎಲ್ಲಾದರೂ ತೋರಿಸಿದರೆ ತಾವು ಮನೆ ಮುಟ್ಟುವುದಕ್ಕೆ ಮೊದಲು ಸುದ್ದಿ ಮುಟ್ಟಿರುತ್ತೆ ಅಂತ ನಲವತ್ತು ಕಿಲೋಮೀಟರ್ ಬಸ್ಸಲ್ಲಿ ಬರುತ್ತಿದ್ದರು, ಎರಡು ವಾರಕ್ಕೊಮ್ಮೆ. ಮೊಬೈಲು ಗಂಡನ ಕೈಲೂ ಓಡಾಡುತ್ತೆ, ಹಾಗಾಗಿ ನಾವು ಫೋನ್ ಮಾಡಿದರೆ "ಬ್ಲೌಸ್ ರೆಡಿ ಇದೆ, ಯಾವಾಗ ಬರ್ತೀರಾ" ಅನ್ನಬೇಕು ಅಂತ ಅವರೇ ಹೇಳಿಕೊಟ್ಟಿದ್ದರು. (ಈಗ ಆ ಗುರುತಿನ ಮಾತು ಬದಲಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ವಯಸ್ಸು, ಊರು, ಮನೆಯ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಬಹುದೇ ಅಂತ ಇಬ್ಬರನ್ನೂ ಕೇಳಿದ್ದೇನೆ.)

ಫ್ರೆಂಡಿನ ಡೌಟಿಗೆ ಉತ್ತರ ಕೊಡದೆ, "ನಿನ್ನ ನೋಟ್‌ಬುಕ್ ಕೊಡು" ಅಂದೆ. ಕೊಟ್ಟಳು. ಮೊದಲ ಮೂರು ಸೆಷನ್ ಎರಡೆರಡು ಪುಟ ಇದ್ದವು. ಅಚ್ಚುಕಟ್ಟು ಹುಡುಗಿ, ಕ್ಲೈಂಟಿನ ಮಾತನ್ನು ನೀಲಿಯಲ್ಲಿ, ತನ್ನ ಅನಿಸಿಕೆಯನ್ನು ಕಪ್ಪಿನಲ್ಲಿ ಬರೆಯುವವಳು. ನಾಲ್ಕನೆಯ ಸೆಷನ್ ಅರ್ಧ ಪುಟಕ್ಕೇ ನಿಂತಿತ್ತು. "ಹಬ್ಬದ ವಿಚಾರ ಮಾತಾಡಿದರು" ಅಂತ ನೀಲಿಯಲ್ಲಿ ಒಂದು ಸಾಲು. ಅದರ ಕೆಳಗೆ ನಾಲ್ಕು ಗೆರೆ ಖಾಲಿ. ಆಮೇಲೆ "ಮುಂದಿನ ಭೇಟಿ" ಅಂತ ದಿನಾಂಕ. ಅದರ ಕೆಳಗೆ ಸಹಿ.

ಸಹಿ ನನ್ನದು. ಹಿಂದಿನ ಶನಿವಾರದ್ದು.

ಅವತ್ತು ಮೂರು ಜನರ ನೋಟ್ಸ್ ನೋಡಬೇಕಿತ್ತು, ಸಂಜೆ ಒಂದು ಆರತಕ್ಷತೆ ಇತ್ತು, ಕರೆಂಟು ಹೋಗಿ ಬಂದು ಆಟ ಆಡುತ್ತಿತ್ತು. ಇವೆಲ್ಲ ನಿಜ. ಆದರೂ ಎರಡೆರಡು ಪುಟ ಬರೆಯುವವಳು ಅರ್ಧ ಪುಟಕ್ಕೆ ಇಳಿದಿದ್ದು ಕಣ್ಣಿಗೆ ಬೀಳಬೇಕಿತ್ತು. ಬಿದ್ದಿತ್ತೋ ಏನೋ, ಕೇಳುವಷ್ಟು ವ್ಯವಧಾನ ಇರಲಿಲ್ಲ.

"ಇಲ್ಲೇನಿತ್ತು?" ಅಂತ ಖಾಲಿ ಗೆರೆಗಳ ಮೇಲೆ ಬೆರಳಿಟ್ಟು ಕೇಳಿದೆ.

"ಸುಳ್ಳು ಬರಿಯೋಕೆ ಮನಸ್ಸಾಗ್ಲಿಲ್ಲ ಮೇಡಂ. ಅದಕ್ಕೆ ಜಾಗ ಬಿಟ್ಟೆ. ನೀವು ಕೇಳ್ತೀರಾ ಅನ್ಕೊಂಡಿದ್ದೆ."

ಆಮೇಲೆ ಹೇಳಿದಳು. ನಾಲ್ಕನೆಯ ಸೆಷನ್ ಮುಗಿಯಲು ಐದು ನಿಮಿಷ ಇರುವಾಗ ಆ ಅಕ್ಕ, "ಡಾಕ್ಟ್ರಮ್ಮ, ದೀಪಾವಳಿಗೆ ಮಗಳನ್ನ ಹಾಸ್ಟೆಲಿಂದ ಮನೆಗೆ ಕರ್ಕೊಂಡ್ ಬರ್ದಂಗೆ ಏನಾರ ಒಂದು ನೆಪ ಹೇಳ್ಕೊಡಿ" ಅಂದಿದ್ದರು. ಮಗಳಿಗೆ ಹದಿಮೂರು. ಹಬ್ಬಕ್ಕೆ ತಾಯಿಯೇ ಮಗಳನ್ನು ಬೇಡ ಅನ್ನುತ್ತಿದ್ದಾರಲ್ಲ ಅಂತ ಇವಳು "ಯಾಕಕ್ಕ?" ಅಂದಿದ್ದಾಳೆ. ಅಕ್ಕ ಬಾಗಿಲ ಕಡೆ ನೋಡಿ, "ಇದನ್ನ ಬರ್ಕೋಬ್ಯಾಡ ಕಣಮ್ಮ. ನಿಮ್ಮ ಮೇಡಂಗೂ ಹೇಳ್ಬ್ಯಾಡ" ಅಂದರು. ಹುಡುಗಿ ಪೆನ್ನಿಗೆ ಕ್ಯಾಪ್ ಹಾಕಿ, "ಯಾರಿಗೂ ಹೇಳಲ್ಲ ಅಕ್ಕ" ಅಂದಳು. ಹೋದ ರಜೆಯಲ್ಲಿ ಮನೆಯವರೇ ಒಬ್ಬರು ಆ ಮಗುವಿನ ಜೊತೆ ನಡೆದುಕೊಂಡ ರೀತಿ ಆಗ ಹೊರಗೆ ಬಂತು. ಆ ಮನುಷ್ಯ ಮನೆಗೆ ಏನಾಗಬೇಕು ಅಂತ ಇಲ್ಲಿ ಬರೆಯುವುದಿಲ್ಲ. ಆಸ್ತಿ ಆ ಮನುಷ್ಯನ ಹೆಸರಲ್ಲಿದೆ ಅನ್ನುವುದಷ್ಟು ಸಾಕು.

"ಹಾಗೆ ಮಾತು ಕೊಡಬಾರದಿತ್ತು" ಅಂದೆ. ನನ್ನ ದನಿ ಸ್ವಲ್ಪ ಗಡುಸಾಗಿಯೇ ಇತ್ತು.

ಅವಳು ತಲೆ ಎತ್ತಿದಳು. "ಮೊದಲ ದಿನ ಒಪ್ಪಿಗೆ ಪತ್ರ ಪೂರ್ತಿ ಓದಿ ಹೇಳ್ಬೇಕಾ ಅಂತ ಕೇಳಿದ್ದೆ ಮೇಡಂ. ಅದೆಲ್ಲ ಓದಿದ್ರೆ ಹೆದರಿ ಎದ್ದು ಹೋಗ್ತಾರೆ, 'ಇಲ್ಲಿ ಹೇಳಿದ್ದು ಈ ಗೋಡೆ ದಾಟಲ್ಲ' ಅನ್ನು ಸಾಕು ಅಂದ್ರಿ. ಡಾಕ್ಟ್ರಮ್ಮ ಅಂತಾರಲ್ಲ, ನಾನಿನ್ನೂ ಸ್ಟೂಡೆಂಟ್ ಅಂತ ಹೇಳ್ಲಾ ಅಂತಲೂ ಕೇಳಿದ್ದೆ. ನಂಬಿಕೆ ಬರೋವರೆಗೂ ಇರ್ಲಿ ಬಿಡು ಅಂದ್ರಿ."

ನಾನು ಹಾಗೆ ಅಂದದ್ದು ನಿಜ. ಅವಳೊಬ್ಬಳಿಗೇ ಅಲ್ಲ, ಅವಳಿಗಿಂತ ಮೊದಲು ಬಂದ ಎಷ್ಟೋ ಮಂದಿಗೂ ಅಂದಿದ್ದೇನೆ. ಗೋಡೆಯ ಮಾತು ಕೇಳಲು ಚೆನ್ನಾಗಿದೆ, ಕ್ಲೈಂಟಿನ ಭುಜ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ಮಾತಿನಲ್ಲಿ ನಿಜವಿಲ್ಲ. ಟ್ರೈನೀ ಕೇಳಿದ್ದೆಲ್ಲ ಸೂಪರ್‌ವೈಸರ್ ಕಿವಿಗೆ ಬರಲೇಬೇಕು. ಹೇಳಿದ್ದು ಆ ಗೋಡೆಯನ್ನು ಪ್ರತಿ ಶನಿವಾರ ದಾಟುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಅಂತಲೇ ಕರೆದರೂ, ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು, ಜೀವಕ್ಕೆ ಅಪಾಯವಿದ್ದಾಗ ಎಷ್ಟು ಬೇಕೋ ಅಷ್ಟು ಹೇಳಬಹುದು ಅಂತ ಅಲ್ಲೇ ಬಾಗಿಲನ್ನೂ ಇಟ್ಟಿದೆ. ಮಕ್ಕಳ ವಿಷಯದಲ್ಲಿ 'ಹೇಳಬಹುದು' ಅನ್ನುವುದೂ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ 21ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವಿದ್ಯಾರ್ಥಿ ಅಂತ ಅಲ್ಲಿ ರಿಯಾಯಿತಿಯಿಲ್ಲ. ಖಾಲಿ ಗೆರೆಯ ಕೆಳಗೆ ಸಹಿ ಹಾಕಿದವರಿಗೂ ಇಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವಳು ಪೆನ್ನು ತೆಗೆದು, "ಈಗಲೇ ಅಲ್ಲಿ ಬರೀಲಾ ಮೇಡಂ?" ಅಂದಳು. ಜಾಗ ಹೇಗೂ ಇತ್ತು, ನಾಲ್ಕು ಗೆರೆ. ನೀಲಿ ಪೆನ್ನೂ ಅದೇ. ತುಂಬಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನ್ನ ಸಹಿಗೂ ಮರ್ಯಾದೆ ಉಳಿಯುತ್ತಿತ್ತು. ಒಂದು ಕ್ಷಣ ಆಸೆಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

"ಬೇಡ. ಅದು ಖಾಲಿಯೇ ಇರಲಿ. ಇವತ್ತಿನ ತಾರೀಕು ಹಾಕಿ ಹೊಸ ಪುಟದಲ್ಲಿ, ಅವತ್ತು ಬರೆಯದೆ ಬಿಟ್ಟದ್ದು ಅಂತ ಬರಿ. ಯಾಕೆ ಬಿಟ್ಟೆ ಅಂತಲೂ ಬರಿ. ನಾನು ಹೇಳಿಕೊಟ್ಟ ಮಾತನ್ನೂ ಸೇರಿಸು" ಅಂದೆ. ಸೇರಿಸಿದಳು. ಅದರ ಕೆಳಗೂ ಸಹಿ ಹಾಕಿದೆ.

ಅವಳಿಗೆ ಕೊಟ್ಟ ಸಲಹೆ ಹೆಚ್ಚೇನಿಲ್ಲ. ಇನ್ನೊಂದಿಷ್ಟು ವಿವರ ಕೆದಕಬೇಡ, ಪುರಾವೆ ಹುಡುಕುವುದು ನಮ್ಮ ಕೆಲಸವಲ್ಲ. ಹಾಸ್ಟೆಲ್‌ಗೆ ಫೋನ್ ಮಾಡಿ ಮಗುವನ್ನು ವಿಚಾರಿಸಬೇಡ. ತಾಯಿಯ ಬೆನ್ನ ಹಿಂದೆ ದೂರು ಕೊಡುವುದು ಬೇಡ, ಮೊದಲು ಅವರಿಗೆ ಹೇಳಿ, ಸಾಧ್ಯವಾದರೆ ಅವರೊಟ್ಟಿಗೇ ಮಾಡೋಣ. ಹೇಳುವವಳು ನೀನು; ಪಕ್ಕದಲ್ಲಿ ನಾನಿರುತ್ತೇನೆ. ಅವರು ಒಪ್ಪದಿದ್ದರೂ ಅದೇ ದಿನ ನನ್ನ ಫೋನಿಂದ, ನನ್ನ ಹೆಸರಲ್ಲಿ ಕರೆ ಹೋಗುತ್ತದೆ.

ಇದರ ಬಗ್ಗೆ ಜೊತೆಯವರಿಂದ ಎರಡು ಮಾತು ಕೇಳಿದ್ದೇನೆ. ಶನಿವಾರವೇ ಯಾಕೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿಲ್ಲ ಅನ್ನುವುದು ಒಂದು. ಮಗು ಹಾಸ್ಟೆಲಿನಲ್ಲಿತ್ತು, ಆ ಮನುಷ್ಯನ ಕೈಗೆ ಸಿಗುವಂತಿರಲಿಲ್ಲ. ಮನೆಯಲ್ಲಿದ್ದಿದ್ದರೆ ಆ ರಾತ್ರಿಯೇ ಮಾಡುತ್ತಿದ್ದೆ. ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲು ಕಾನೂನು 24 ಗಂಟೆ ಅಂತ ಬರೆದಿದೆ, ನಮಗೆ ಗಂಟೆ ಲೆಕ್ಕ ಬರೆದಿಲ್ಲ. ಅದನ್ನೇ ಸಲಿಗೆ ಅಂತ ತಿಳಿದರೆ ಕೆಟ್ಟೆವು. ಎರಡು ದಿನ ತೆಗೆದುಕೊಂಡದ್ದು ತಾಯಿಗೋಸ್ಕರ. ಅಷ್ಟರಲ್ಲೇನಾದರೂ ಆಗಿದ್ದರೆ ಈ ಸಮರ್ಥನೆ ಯಾರಿಗೂ ಬೇಕಿರಲಿಲ್ಲ, ಅದೂ ನನಗೆ ಗೊತ್ತು. ಇನ್ನೊಂದು, ಇಂಥ ಕೇಸನ್ನು ಟ್ರೈನೀ ಬಾಯಲ್ಲಿ ಹೇಳಿಸಬಾರದಿತ್ತು, ನೀವೇ ವಹಿಸಿಕೊಳ್ಳಬೇಕಿತ್ತು ಅನ್ನುವುದು. ಇದನ್ನು ನಾನು ಒಪ್ಪುವುದೇ ಇಲ್ಲ. ಆ ಅಕ್ಕ ತಮ್ಮ ಎದೆಯ ಭಾರ ಇಳಿಸಿದ್ದು ಅವಳ ಮುಂದೆ. ಮಾತು ಕೊಟ್ಟವಳು ಮಾಯವಾಗಿ ದೊಡ್ಡ ಮೇಡಂ ಬಂದು ಕೂತರೆ, ಮಾತು ಮುರಿದದ್ದಷ್ಟೇ ಅಲ್ಲ, ಮುಖ ತಪ್ಪಿಸಿಕೊಂಡಂತೆಯೂ ಆಗುತ್ತದೆ.

ಹೇಳಬೇಕಾದ್ದನ್ನು ಬಾಯಿಪಾಠದ ಹಾಗೆ ಅಭ್ಯಾಸ ಮಾಡಿಸಿದೆ. ಅವಳು ಪ್ರತಿ ಸಲವೂ "ಕಾನೂನಿನ ಪ್ರಕಾರ" ಅಂತಲೇ ಶುರು ಮಾಡುತ್ತಿದ್ದಳು. ಅದನ್ನು ತೆಗೆಸಿದೆ. ಹಾಗೆ ಶುರು ಮಾಡಿದರೆ ಖಾಕಿಯ ಹಿಂದೆ ನಿಂತು ಮಾತಾಡಿದಂತೆ ಕೇಳಿಸುತ್ತೆ.

ಭಾನುವಾರ ಬೆಳಿಗ್ಗೆ 'ಬ್ಲೌಸ್ ರೆಡಿ' ಫೋನ್ ಹೋಯಿತು. ಹಾಸನಾಂಬೆ ಗುಡಿ ತೆರೆದಿದ್ದ ದಿನಗಳು. ದರ್ಶನಕ್ಕೆ ಅಂತ ಹೊರಟರೆ ಎಷ್ಟು ಹೊತ್ತಾದರೂ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಕ್ಯೂ ಹಾಗಿರುತ್ತೆ. ಸೋಮವಾರ ಹನ್ನೊಂದಕ್ಕೆ ಬಂದರು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಹಣ್ಣುಕಾಯಿಯ ಬುಟ್ಟಿ. ಸುಳ್ಳು ಸುಳ್ಳಾಗಬಾರದು ಅಂತ ಹೊರಗಿನಿಂದಲೇ ಕೈಮುಗಿದು ಬಂದಿದ್ದರಂತೆ.

ನನ್ನನ್ನು ಅಲ್ಲಿ ಕಂಡಾಗಲೇ ಅವರಿಗೆ ಅರ್ಥವಾಗಿತ್ತು ಅನಿಸುತ್ತೆ. ಹುಡುಗಿ ಪೆನ್ನು, ಪುಸ್ತಕ ಎರಡನ್ನೂ ಪಕ್ಕಕ್ಕಿಟ್ಟು, "ಅಕ್ಕ, ಅವತ್ತು ಯಾರಿಗೂ ಹೇಳಲ್ಲ ಅಂದೆ. ಹಾಗೆ ಮಾತು ಕೊಡೋಕೆ ನಂಗೆ ಹಕ್ಕಿರ್ಲಿಲ್ಲ. ನಾನು ಡಾಕ್ಟರಲ್ಲ, ಇನ್ನೂ ಕಲಿತಾ ಇರೋಳು. ನೀವು ಹೇಳಿದ್ದನ್ನ ಮೇಡಂಗೆ ಹೇಳಿದೀನಿ. ಇದನ್ನ ಇವತ್ತು ನಾವು ತಿಳಿಸ್ಲೇಬೇಕು, ನೀವೂ ಜೊತೇಲಿರ್ಬೇಕು ಅಂತ ಆಸೆ" ಅಂದಳು. ದನಿ ನಡುಗುತ್ತಿತ್ತು. ನಾನು ಬಾಯಿ ಹಾಕಲಿಲ್ಲ.

"ನೀನೂ ಅಷ್ಟೇನಾ" ಅಂದರು ಅಕ್ಕ. ಬುಟ್ಟಿ ಎತ್ತಿಕೊಂಡು ಎದ್ದರು. ಬಾಗಿಲ ಚಿಲಕದ ಮೇಲೆ ಕೈಯಿಟ್ಟವರು ತಿರುಗದೆಯೇ, "ಪೇಪರ್ನಾಗೆ ಮಗೀನ ಹೆಸ್ರು ಬತ್ತದಾ?" ಅಂತ ಕೇಳಿದರು.

ಅಲ್ಲಿಂದ ನಾನು ಮಾತಾಡಿದೆ. ಹೆಸರು, ಫೋಟೊ, ಶಾಲೆ, ಮನೆ, ಗುರುತು ಸಿಗುವಂಥ ಏನನ್ನೂ ಹಾಕುವಂತಿಲ್ಲ, ಹಾಕಿದರೆ ಅದೇ ಅಪರಾಧ. ಮಗಳ ಹೇಳಿಕೆಯನ್ನು ಸ್ಟೇಷನ್ನಿಗೆ ಕರೆಸಿ ಪಡೆಯಬೇಕಾಗಿಲ್ಲ. ಅವಳಿರುವ ಕಡೆಯೇ ಅಥವಾ ಅವಳು ಹೇಳಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರೇ, ಯೂನಿಫಾರ್ಮ್ ಹಾಕದೆ ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಕೊನೆಯವರೆಗೂ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡುತ್ತದೆ. ಕಾಗದದ ಮೇಲೆ ಇರುವುದೆಲ್ಲ ಹಾಗೇ ನಡೆಯುತ್ತದೆ ಅಂತ ಮಾತ್ರ ಹೇಳಲಿಲ್ಲ. ಒಂದು ಸುಳ್ಳು ಭರವಸೆ ಆಗಲೇ ಕೊಟ್ಟಾಗಿತ್ತು.

ಅರ್ಧ ಗಂಟೆ ಗೋಡೆ ನೋಡುತ್ತಾ ಕೂತಿದ್ದರು. ಆಮೇಲೆ, "ಮಾಡಿ" ಅಂದರು. ನಾನು 1098 ಒತ್ತಿದೆ. ಕರೆ ಮುಗಿಯುವವರೆಗೂ ಅವರು ಹುಡುಗಿಯ ಕಡೆ ನೋಡಲಿಲ್ಲ.

ಮುಂದಿನದು ಸಮಿತಿಯ, ಪೊಲೀಸರ, ಕೋರ್ಟಿನ ವಿಷಯ, ಇಲ್ಲಿ ಬರೆಯುವಂಥದ್ದಲ್ಲ. ಆ ದೀಪಾವಳಿಗೆ ಮಗಳು ಮನೆಗೆ ಹೋಗಲಿಲ್ಲ.

ನಮ್ಮಲ್ಲಿ ಈಗ ಒಪ್ಪಿಗೆ ಪತ್ರ ಒಂದೇ ಪುಟದ್ದು. ಟ್ರೈನೀಗಳು ಮೊದಲ ಹತ್ತು ನಿಮಿಷದಲ್ಲಿ ಗಟ್ಟಿಯಾಗಿ ಓದುತ್ತಾರೆ: ನಾನು ಕಲಿಯುತ್ತಿರುವವಳು, ನೀವು ಹೇಳಿದ್ದನ್ನು ನನ್ನ ಮೇಡಂ ಜೊತೆ ಮಾತಾಡುತ್ತೇನೆ, ಮಕ್ಕಳಿಗೆ ತೊಂದರೆ, ಯಾರದೇ ಜೀವಕ್ಕೆ ಅಪಾಯ ಅಂತ ಗೊತ್ತಾದರೆ ಸುಮ್ಮನಿರಲು ಆಗುವುದಿಲ್ಲ. ಹೆದರಿ ಎದ್ದು ಹೋಗುತ್ತಾರೆ ಅಂತ ನಾನು ಅಷ್ಟು ವರ್ಷ ಹೇಳುತ್ತಿದ್ದೆನಲ್ಲ, ಈವರೆಗೆ ಇಬ್ಬರು ಎದ್ದು ಹೋಗಿದ್ದಾರೆ. ಅವರು ಏನು ಹೇಳಬೇಕು ಅಂತ ಬಂದಿದ್ದರೋ ಎಂದು ಮನಸ್ಸು ಕೊರಗುತ್ತದೆ, ಅದನ್ನು ಮುಚ್ಚಿಡಲಾರೆ. ಅರಸೀಕೆರೆ ಕಡೆಯ ಒಬ್ಬ ಯಜಮಾನರು ಪೂರ್ತಿ ಕೇಳಿಸಿಕೊಂಡು, "ಕಲಿಯೋರಾದ್ರೆ ಫೀಸು ಅರ್ಧ ತಗೊಳ್ಳಿ ಮತ್ತೆ" ಅಂದರು. ಅರ್ಧವೇ ತೆಗೆದುಕೊಂಡೆವು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಲ್ಯಾಂಡ್‌ಲೈನ್ ಹೊಡೆಯಿತು.

"ಬ್ಲೌಸ್ ಹೊಲಿಸ್ಬೇಕಿತ್ತು" ಅಂತ ದನಿ. ಆಮೇಲೆ ಮೆತ್ತಗೆ, "ಆ ಹುಡ್ಗಿ ಇದಾಳಾ?"

ಇರಲಿಲ್ಲ. ಅವಳ ಇಂಟರ್ನ್‌ಶಿಪ್ ಗಂಟೆಗಳ ಲೆಕ್ಕ ಮಾರ್ಚಿಗೇ ಮುಗಿದು ಬೆಂಗಳೂರಿಗೆ ಹೋಗಿದ್ದಳು. ಅದನ್ನೇ ಹೇಳಿದೆ. ಆ ಕಡೆಯಿಂದ ಬಸ್ಸಿನ ಹಾರನ್ ಕೇಳಿಸುತ್ತಿತ್ತು, ಬೇರೇನೂ ಇಲ್ಲ.

"ನೀವಾದ್ರೂ ಇರ್ತೀರಾ?"

"ಇರ್ತೀನಿ."

ಬುಧವಾರ ಹನ್ನೊಂದಕ್ಕೆ ಅಂತ ಬರೆದುಕೊಂಡೆ.