ಕೂಸಿಗೆರಡು ಚಮಚ, ಮನೆಮಂದಿಗೊಂದು ಬಟ್ಟಲು: ಹಣ್ಣಿನ ಪ್ಯೂರಿ ಕುರಿತು ನಿಮ್ಮ ಪ್ರಶ್ನೆಗಳು

ಈ ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಪತ್ರಗಳಲ್ಲಿ ಬಹುಪಾಲು ಕೇಳಿರುವುದು ಎರಡೇ ಮಾತು. ಕೂಸಿಗೆ ಹಣ್ಣನ್ನು ನುಣ್ಣಗೆ ಮಾಡಿ, ಅಂದರೆ ಪ್ಯೂರಿ ಮಾಡಿ ಕೊಡುವುದು ಹೇಗೆ, ಉಳಿದದ್ದನ್ನು ಕೆಡದಂತೆ ಇಡುವುದು ಹೇಗೆ. ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಎರಡನೆಯದಕ್ಕೇ ಹೆಚ್ಚು ಎಚ್ಚರ ಬೇಕು.

ಮಗನಿಗೆ ಮೊನ್ನೆ 6 ತಿಂಗಳು ತುಂಬಿತು. ಯಾವ ಹಣ್ಣಿನಿಂದ ಶುರು ಮಾಡಲಿ? ಬಾಳೆಹಣ್ಣು ಮಿಕ್ಸಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಕಪ್ಪಾಗುತ್ತದೆ. ಅದನ್ನು ತಿನ್ನಿಸಬಹುದೇ?
— ಗಂಗಾವತಿಯ ತಾಯಿ

ಬಾಳೆಯಿಂದಲೇ ಶುರು ಮಾಡಿ. ಆನೆಗೊಂದಿ, ಕಂಪ್ಲಿ ಕಡೆಯ ಸುಗಂಧಿ, ಏಲಕ್ಕಿ ಬಾಳೆ ನಿಮಗೆ ಹತ್ತಿರದಲ್ಲೇ ಸಿಗುತ್ತವೆ. ಸಿಪ್ಪೆಯ ಮೇಲೆ ಸಣ್ಣ ಕಂದು ಚುಕ್ಕೆ ಮೂಡಿದ ಹಣ್ಣು ಆರಿಸಿ. ಅರೆಹಣ್ಣಿನಲ್ಲಿ ಪಿಷ್ಟ ಇನ್ನೂ ಸಕ್ಕರೆಯಾಗಿರುವುದಿಲ್ಲ, ಕೂಸಿನ ಹೊಟ್ಟೆ ಕಟ್ಟುತ್ತದೆ.

ಬಾಳೆಗೆ ಮಿಕ್ಸಿ ಬೇಕಾಗಿಲ್ಲ. ಮಿಕ್ಸಿ ತಿರುಗುವಾಗ ತಿರುಳಿನೊಳಗೆ ಗಾಳಿ ಸೇರುತ್ತದೆ, ಹಣ್ಣಿನಲ್ಲಿರುವ ಕಿಣ್ವಕ್ಕೆ ಆ ಗಾಳಿ ತಾಗಿದ್ದೇ ಬಣ್ಣ ಕಂದಾಗುತ್ತದೆ. ಆಗಷ್ಟೇ ಮಾಡಿದ್ದು ಕಂದಾದರೆ ತಿನ್ನಿಸಲು ತೊಂದರೆಯಿಲ್ಲ, ಆದರೆ ರುಚಿ ಇಳಿಯುತ್ತದೆ. ಅರ್ಧ ಹಣ್ಣನ್ನು ಬಟ್ಟಲಲ್ಲಿ ಫೋರ್ಕಿನಿಂದ ಕಿವುಚಿ, ಎದೆಹಾಲು ಅಥವಾ ಕುದಿಸಿ ಆರಿಸಿದ ನೀರು ಒಂದೆರಡು ಚಹಾ ಚಮಚ ಬೆರೆಸಿ. ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರಬೇಕು, ನೀರಿನಂತೆ ಸುರಿಯಬಾರದು. ಮೊದಲ ದಿನ 2 ಚಮಚ ಸಾಕು. ಹೊಸ ಹಣ್ಣು ಕೊಟ್ಟ ಮೇಲೆ 3 ದಿನ ಬೇರೆ ಹೊಸದನ್ನು ಸೇರಿಸಬೇಡಿ. ಮೈಮೇಲೆ ಗಂದೆ ಎದ್ದರೆ, ವಾಂತಿಯಾದರೆ ಯಾವುದರಿಂದ ಎಂದು ಆಗ ಗೊತ್ತಾಗುತ್ತದೆ.

ಇನ್ನೊಂದು ಮಾತು. ಹಣ್ಣು ಊಟವಲ್ಲ. 6 ತಿಂಗಳ ನಂತರ ಕೂಸಿಗೆ ಕಬ್ಬಿಣಾಂಶ ಹೊರಗಿನ ಆಹಾರದಿಂದ ಬರಬೇಕು, ಬಾಳೆ, ಮಾವುಗಳಲ್ಲಿ ಅದು ತೀರಾ ಕಡಿಮೆ. ರಾಗಿ ಅಂಬಲಿ, ಬೇಳೆ ಬೆರೆಸಿದ ಮೆತ್ತಗಿನ ಅನ್ನ ಮೊದಲು, ಹಣ್ಣು ಆಮೇಲೆ. ಎದೆಹಾಲು ಎಂದಿನಂತೆ ನಡೆಯಲಿ.

ನಮ್ಮಲ್ಲಿ ಕೇಸರ್ ಮಾವು ಚೆನ್ನಾಗಿ ಸಿಗುತ್ತದೆ. 10 ಕೆಜಿ ತಂದು ತಿರುಳು ತೆಗೆದು, ಕುದಿಸಿ, ಗಾಜಿನ ಬಾಟಲಿಗೆ ತುಂಬಿ ವರ್ಷವಿಡೀ ಇಡಬೇಕೆಂದಿದ್ದೇನೆ. ಮನೆಯಲ್ಲಿ 9 ತಿಂಗಳ ಮೊಮ್ಮಗಳೂ ಇದ್ದಾಳೆ. ಕ್ರಮ ತಿಳಿಸಿ.
— ಕೊಪ್ಪಳದ ಅಜ್ಜಿ

ಅಮ್ಮಾ, ಬಾಟಲಿಯ ಯೋಚನೆ ಬಿಡಿ. ಕುದಿಸಿದರೆ ಸಾಮಾನ್ಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಬೊಟುಲಿಸಂ ಎಂಬ ಪ್ರಾಣಾಪಾಯದ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಾಣು ಸಾಯುವುದಿಲ್ಲ. ಅದು ಗಾಳಿಯಿಲ್ಲದ, ಮುಚ್ಚಿದ ಬಾಟಲಿಯಲ್ಲೇ ಬೆಳೆಯುತ್ತದೆ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕಡಿಮೆಯಿರುವ ಪದಾರ್ಥದಲ್ಲಿ ಅದಕ್ಕೆ ಬೆಳೆಯಲಾಗದು. ಚೆನ್ನಾಗಿ ಮಾಗಿದ ಸಿಹಿ ಮಾವು ಆ ಗೆರೆಯ ಆಸುಪಾಸಿನಲ್ಲೇ ಇರುತ್ತದೆ, ಪಪ್ಪಾಯಿಯಂತೂ ಗೆರೆ ದಾಟಿಯೇ ಇರುತ್ತದೆ. ನಾಲಿಗೆಯಿಂದ ಇದನ್ನು ಅಳೆಯಲಾಗುವುದಿಲ್ಲ. ಹಾಗಾಗಿ ಫ್ರೀಜರ್ ಒಂದೇ ದಾರಿ.

ಹಣ್ಣು ಆರಿಸುವಾಗ ತೊಟ್ಟಿನ ಹತ್ತಿರ ಮೂಸಿ ನೋಡಿ. ಹೊರಗೆಲ್ಲ ಒಂದೇ ಸಮ ಹಳದಿ, ಒಳಗೆ ಗಟ್ಟಿ, ಪರಿಮಳವಿಲ್ಲ ಎಂದರೆ ಕಾರ್ಬೈಡ್ ಹಾಕಿರಬಹುದು. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಬಲಿತ ಕಾಯಿ ತಂದು ಭತ್ತದ ಹುಲ್ಲಿನಲ್ಲಿ ಮುಚ್ಚಿಟ್ಟು ಮನೆಯಲ್ಲೇ ಹಣ್ಣು ಮಾಡಿಕೊಂಡರೆ ಇನ್ನೂ ನೆಮ್ಮದಿ.

ಹಣ್ಣನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ತಿಕ್ಕಿ ತೊಳೆಯಿರಿ. ತೊಟ್ಟಿನ ಕಡೆ ಅರ್ಧ ಬೆರಳಿನಷ್ಟು ಕತ್ತರಿಸಿ ತೆಗೆಯಿರಿ. ಅಲ್ಲಿನ ಸೊನೆ ತಿರುಳಿಗೆ ಬೆರೆತರೆ ಕೂಸಿನ ತುಟಿಯ ಸುತ್ತ ಕೆಂಪಾಗಿ ಉರಿಯುತ್ತದೆ. ಸಿಪ್ಪೆ, ಗೊರಟೆ ಕಳೆದರೆ 1 ಕೆಜಿಗೆ ಸುಮಾರು ಅರ್ಧ ಕೆಜಿ ತಿರುಳು ಸಿಗುತ್ತದೆ. ಕೇಸರಿನಲ್ಲಿ ನಾರು ಕಡಿಮೆ, ಆದರೂ ಮೊಮ್ಮಗಳ ಪಾಲನ್ನು ಸ್ಟೀಲ್ ಜರಡಿಯಲ್ಲಿ ಒಮ್ಮೆ ತಿಕ್ಕಿ ಇಳಿಸಿ.

ತಿರುಳನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಇಟ್ಟು ಬಿಡದೆ ಕೈಯಾಡಿಸಿ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳತೊಡಗಿದ ಮೇಲೆ 3 ನಿಮಿಷ ಸಾಕು. ಕಂದಾಗಿಸುವ ಕಿಣ್ವ ಅಷ್ಟಕ್ಕೇ ಅಡಗುತ್ತದೆ. ಕೊತಕೊತ ಕುದಿಸಿದರೆ ಮಾವಿನ ಪರಿಮಳ ಹೋಗಿ ಬೇಯಿಸಿದ ವಾಸನೆ ನಿಲ್ಲುತ್ತದೆ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿ. ಬೇಸಿಗೆಯಲ್ಲಿ ಕಟ್ಟೆಯ ಮೇಲೆ ಬಿಟ್ಟರೆ ಸಂಜೆಯಾದರೂ ಅದು ಉಗುರುಬೆಚ್ಚಗೇ ಇರುತ್ತದೆ, ಸೂಕ್ಷ್ಮಜೀವಿಗಳಿಗೆ ಬೇಕಾಗಿರುವುದೂ ಅದೇ ಬಿಸಿ.

ಆರಿದ ತಿರುಳನ್ನು ಐಸ್ ಟ್ರೇಗೆ ತುಂಬಿ. ಟ್ರೇಯ ಒಂದು ಗುಂಡಿಗೆ ಎಷ್ಟು ಚಮಚ ನೀರು ಹಿಡಿಯುತ್ತದೆಂದು ಮೊದಲೇ ಅಳೆದಿಟ್ಟುಕೊಂಡರೆ ಮುಂದೆ ಕೂಸಿಗೆ ಎಷ್ಟು ಕೊಟ್ಟಿರಿ ಎನ್ನುವ ಲೆಕ್ಕ ಸಿಗುತ್ತದೆ. ಗಟ್ಟಿಯಾದ ತುಂಡುಗಳನ್ನು ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ತಾರೀಖು ಬರೆಯಿರಿ. ಮನೆಮಂದಿಯ ಪಾಲನ್ನು ಅರ್ಧ ಕೆಜಿ ಡಬ್ಬಿಗಳಲ್ಲಿ ಇಡಿ, ಮೇಲೆ ಒಂದು ಬೆರಳು ಜಾಗ ಬಿಡಿ, ಹೆಪ್ಪುಗಟ್ಟುವಾಗ ಉಬ್ಬುತ್ತದೆ. ಬೆಲ್ಲ, ಏಲಕ್ಕಿ, ಹಾಲು ಬೆರೆಸಿ ಸೀಕರಣೆ ಮಾಡುವುದೇನಿದ್ದರೂ ಉಣ್ಣುವ ದಿನ. ಕೂಸಿನ ಪಾಲನ್ನು ಯಾವಾಗಲೂ ಬೆಲ್ಲ ಬೀಳುವ ಮೊದಲೇ ಎತ್ತಿಡಿ.

ಎಷ್ಟು ದಿನ ಇಡಬಹುದು ಎನ್ನುವುದನ್ನು ಫ್ರಿಜ್ ಹೇಳುತ್ತದೆ. ಮೈನಸ್ 18 ಡಿಗ್ರಿಗೆ ಇಳಿಯುವ ಪ್ರತ್ಯೇಕ ಫ್ರೀಜರ್ ಇದ್ದರೆ ಕೂಸಿಗೆ 3 ತಿಂಗಳವರೆಗೆ ಬಳಸಿ. ಒಂದೇ ಬಾಗಿಲಿನ ಫ್ರಿಜ್‌ನ ಮೇಲಿನ ಪೆಟ್ಟಿಗೆ ಅಷ್ಟು ತಣ್ಣಗಾಗುವುದು ಅಪರೂಪ. ಅದರಲ್ಲಿ ಐಸ್‌ಕ್ರೀಂ ಇಟ್ಟು ನೋಡಿ. ಮರುದಿನ ಚಮಚ ಸಲೀಸಾಗಿ ಇಳಿದರೆ ಕೂಸಿನ ಪ್ಯೂರಿಗೆ ಎರಡು ವಾರವೇ ಗಡಿ. ಆಗ 10 ಕೆಜಿ ಬೇಡ, 2 ಕೆಜಿ ಮಾಡಿ.

ಮಧ್ಯಾಹ್ನ ಮೂರ್ನಾಲ್ಕು ತಾಸು ಕರೆಂಟ್ ಹೋಗುತ್ತದೆ. ಫ್ರೀಜರ್‌ನಲ್ಲಿಟ್ಟ ಪ್ಯೂರಿ ಕರಗಿ ಮತ್ತೆ ಗಟ್ಟಿಯಾಯಿತೋ ಇಲ್ಲವೋ ಗೊತ್ತಾಗುವುದು ಹೇಗೆ?
— ಸಿಂಧನೂರಿನ ಓದುಗರು

ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ಅದರ ಮೇಲೊಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ಲೋಟದ ನಡುವಿಗೋ ತಳಕ್ಕೋ ಇಳಿದಿದ್ದರೆ ಒಳಗಿನದೆಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ, ಆ ಪ್ಯೂರಿ ಕೂಸಿಗೆ ಬೇಡ. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಫ್ರೀಜರ್‌ನಲ್ಲಿ ಖಾಲಿ ಜಾಗವಿದ್ದರೆ ನೀರು ತುಂಬಿದ ಬಾಟಲಿಗಳನ್ನು ಇಡಿ, ತುಂಬಿದ ಫ್ರೀಜರ್ ತಂಪನ್ನು ಹೆಚ್ಚು ಹೊತ್ತು ಹಿಡಿಯುತ್ತದೆ.

ಬೇಕಾದ ತುಂಡುಗಳನ್ನು ಹಿಂದಿನ ರಾತ್ರಿಯೇ ಬಟ್ಟಲಿಗೆ ಹಾಕಿ ಫ್ರಿಜ್‌ನ ಕೆಳಭಾಗದಲ್ಲಿಡಿ. ಕರಗಿದ್ದನ್ನು ಅದೇ ದಿನ ಮುಗಿಸಿ, ತಿರುಗಿ ಫ್ರೀಜರ್‌ಗೆ ಹಾಕಬೇಡಿ. ಬೇಸಿಗೆಯಲ್ಲಿ ಹೊರಗಿಟ್ಟ ಪ್ಯೂರಿಗೆ ಒಂದು ಗಂಟೆಯಷ್ಟೇ ಆಯುಷ್ಯ. ಕೂಸಿನ ಬಾಯಿಗೆ ಹೋದ ಚಮಚ ಮುಳುಗಿದ ಬಟ್ಟಲಲ್ಲಿ ಉಳಿದದ್ದನ್ನು ಫ್ರಿಜ್‌ಗೂ ಇಡಬಾರದು. ಎಂಜಲು ಸೇರಿದ ಪ್ಯೂರಿ ನೀರೊಡೆಯುತ್ತದೆ, ಬೇಗ ಕೆಡುತ್ತದೆ.

ಚಿಕ್ಕು ಪ್ಯೂರಿ ತಿಂದ ಕೂಸು ಮುಖ ಹಿಂಡುತ್ತದೆ. ನಾವು ತಿಂದರೂ ಬಾಯಿ ಒಗರು. ಹಣ್ಣು ಮೆತ್ತಗೇ ಇತ್ತು.
— ಸಿರುಗುಪ್ಪದ ಓದುಗರು

ಬಲಿಯದೆ ಕಿತ್ತ ಕಾಯಿ ಮೆತ್ತಗಾದರೂ ಅದರ ಒಗರು ಹೋಗುವುದಿಲ್ಲ. ಕೊಳ್ಳುವಾಗ ಸಿಪ್ಪೆಯ ಮೇಲಿನ ಕಂದು ಹುಡಿಯನ್ನು ಉಗುರಿನಿಂದ ಕೆರೆದು ನೋಡಿ. ಕೆಳಗೆ ಹಸಿರು ಕಂಡರೆ ಬಲಿತಿಲ್ಲ, ಹಳದಿ ಮಿಶ್ರಿತ ಕಂದು ಕಂಡರೆ ಬಲಿತದ್ದು. ಸಿಪ್ಪೆಯನ್ನು ಸ್ವಲ್ಪ ದಪ್ಪಗೇ ತೆಗೆಯಿರಿ, ಬೀಜ ಎಣಿಸಿ ತೆಗೆಯಿರಿ, ಅದರ ತುದಿಯ ಕೊಕ್ಕೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪಪ್ಪಾಯಿಗೂ ಇದೇ ಮಾತು. ಸಿಪ್ಪೆಯ ಕೆಳಗೆ ಹಸಿರು ಪಟ್ಟಿ ಉಳಿದಿದ್ದರೆ ಅದರ ಹಾಲು ಕೂಸಿನ ಬಾಯಿ ಕೆರೆಯುತ್ತದೆ.

ಕಳೆದ ವರ್ಷ ಸೀತಾಫಲದ ತಿರುಳನ್ನು ಕಾಯಿಸಿಟ್ಟೆ, ಪೂರಾ ಕಹಿಯಾಯಿತು. ಯಾಕೆ?
— ಸಂಡೂರಿನ ಓದುಗರು

ಕಾಯಿಸಿದ್ದೇ ಕಾರಣ. ಸೀತಾಫಲದ ತಿರುಳು ಬಿಸಿ ತಾಗಿದರೆ ಕಹಿಯಾಗುತ್ತದೆ, ಬೆಲ್ಲ ಹಾಕಿದರೂ ಸರಿಹೋಗುವುದಿಲ್ಲ. ಅದನ್ನು ಹಸಿಯಾಗಿಯೇ ಜರಡಿಯಲ್ಲಿ ತಿಕ್ಕಿ, ತಕ್ಷಣ ತಿನ್ನಿಸಿ. ಬೀಜ ಸಮೇತ ಮಿಕ್ಸಿಗೆ ಮಾತ್ರ ಎಂದಿಗೂ ಹಾಕಬೇಡಿ. ಆ ಬೀಜ ವಿಷ, ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಕೆಡುತ್ತದೆ. ತಿರುಳಿನಲ್ಲಿ ಕಪ್ಪು ಚೂರು ಕಂಡರೆ ಅಷ್ಟನ್ನೂ ಚೆಲ್ಲಿ.

10 ತಿಂಗಳ ಮಗುವಿಗೆ ಪೇರಲ ಕೊಡಬಹುದೇ? ದಾಳಿಂಬೆ?
— ಕುಷ್ಟಗಿಯ ಓದುಗರು

ಎರಡನ್ನೂ ಕೊಡಿ, ಬೀಜ ಬೇಡ. ಪೇರಲವನ್ನು ನಾಲ್ಕು ಹೋಳು ಮಾಡಿ ಇಡ್ಲಿ ಪಾತ್ರೆಯಲ್ಲಿ 10 ನಿಮಿಷ ಹಬೆಗಿಡಿ, ಬೆಚ್ಚಗಿರುವಾಗಲೇ ಜರಡಿಯಲ್ಲಿ ತಿಕ್ಕಿ. ಮಿಕ್ಸಿ ಹಾಕಿದರೆ ಬೀಜ ಒಡೆದು ಮರಳು ಮರಳಾಗುತ್ತದೆ. ರಾಗಿ, ಬೇಳೆಯ ಊಟದ ಜೊತೆ ಎರಡು ಚಮಚ ಪೇರಲ ಕೊಟ್ಟರೆ ಅದರ ಸಿ ಜೀವಸತ್ವದಿಂದ ಧಾನ್ಯದ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ದಾಳಿಂಬೆಯನ್ನು ಹಿಸುಕಿ, ರಸವನ್ನು ಬೇಯಿಸಿದ ಸೇಬಿನ ಪ್ಯೂರಿಗೆ ಬೆರೆಸಿ. ಬಿಡಿ ಕಾಳು, ಇಡೀ ದ್ರಾಕ್ಷಿ, ಹಸಿ ಸೇಬಿನ ಹೋಳು ಈ ವಯಸ್ಸಿಗೆ ಗಂಟಲಿಗೆ ಸಿಕ್ಕುವ ಪದಾರ್ಥಗಳು. ಇನ್ನು 10 ತಿಂಗಳಿಗೆ ಪೂರ್ತಿ ನುಣ್ಣಗೆ ಮಾಡಬೇಕಿಲ್ಲ, ಮೆತ್ತಗಿನ ಸಣ್ಣ ಗಂಟುಗಳಿರಲಿ. ಅಗಿಯುವುದನ್ನು ಕಲಿಯಲು ಇದೇ ಕಾಲ.

ಪ್ಯೂರಿಗೆ ಒಂದು ಹನಿ ಜೇನು ಹಾಕಿದರೆ ಒಳ್ಳೆಯದು ಎಂದು ಅತ್ತೆಯವರು ಹೇಳುತ್ತಾರೆ.
— ಮಾನ್ವಿಯ ಓದುಗರು

ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ, ಕಾಯಿಸಿದ್ದೂ ಬೇಡ. ಮೇಲೆ ಹೇಳಿದ ಬೊಟುಲಿಸಂ ಬೀಜಾಣು ಜೇನಿನಲ್ಲಿರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಕೂಸಿನ ಕರುಳಿಗೆ ಆ ಶಕ್ತಿ ಇರುವುದಿಲ್ಲ. ಅತ್ತೆಯವರಿಗೆ ಈ ಕಾರಣ ಬಿಡಿಸಿ ಹೇಳಿ.

8 ತಿಂಗಳ ಮಗಳಿಗೆ ಮಲ ಗಟ್ಟಿ. ಅಂಜೂರ ಕೊಡಬಹುದೇ?
— ಬಳ್ಳಾರಿಯ ಓದುಗರು

ಕೊಡಬಹುದು. ತಾಜಾ ಅಂಜೂರ ಸಿಕ್ಕರೆ ಪೂರ್ತಿ ಮೆತ್ತಗಾದದ್ದನ್ನೇ ತಂದು, ತೊಟ್ಟು, ಸಿಪ್ಪೆ ತೆಗೆದು 5 ನಿಮಿಷ ಹಬೆಯಲ್ಲಿ ಬೇಯಿಸಿ, ಜರಡಿ ಹಿಡಿಯಿರಿ. ತಂದ ದಿನವೇ ಬಳಸಿ, ಅದು ಮರುದಿನಕ್ಕೆ ಹುಳಿಯುತ್ತದೆ. ಒಣಗಿದ್ದಾದರೆ ಒಂದನ್ನು ಬಿಸಿನೀರಲ್ಲಿ ತೊಳೆದು, ಬಿಡಿಸಿ ಒಳಗೆ ಹುಳು ಇದೆಯೇ ನೋಡಿ, ಅರ್ಧ ಲೋಟ ನೀರಲ್ಲಿ ರಾತ್ರಿ ಫ್ರಿಜ್‌ನಲ್ಲಿ ನೆನೆಸಿ, ಬೆಳಿಗ್ಗೆ ಬೇಯಿಸಿ ಅರೆಯಿರಿ. ಮೊದಲು ಒಂದು ಚಹಾ ಚಮಚ ಕೊಡಿ, ಹೆಚ್ಚಾದರೆ ಭೇದಿಯಾಗುತ್ತದೆ. ಮಲದಲ್ಲಿ ರಕ್ತ, ಹೊಟ್ಟೆ ಉಬ್ಬರ, ವಾಂತಿ ಇದ್ದರೆ ಮನೆಮದ್ದು ಮಾಡುತ್ತ ಕೂಡದೆ ವೈದ್ಯರ ಹತ್ತಿರ ಹೋಗಿ.

ಜಾರ್ ಎಷ್ಟು ತೊಳೆದರೂ ಪ್ಯೂರಿಗೆ ಖಾರ ಹತ್ತುತ್ತದೆ. ಕೂಸು ಅಳುತ್ತದೆ.
— ರಾಯಚೂರಿನ ಓದುಗರು

ಖಾರ ಕೂತಿರುವುದು ಜಾರ್‌ನಲ್ಲಲ್ಲ, ಮುಚ್ಚಳದ ರಬ್ಬರ್ ಸುತ್ತಿನಲ್ಲಿ ಮತ್ತು ಬ್ಲೇಡಿನ ಬುಡದಲ್ಲಿ. ರಬ್ಬರ್ ಬಿಚ್ಚಿ ಅದು ಕೂರುವ ಸಂದಿಯಲ್ಲಿ ಬೆರಳಾಡಿಸಿದರೆ ಕೆಂಪು ಚಟ್ನಿಯ ಹಿಂಡಿ ಸಿಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತಿಕ್ಕಿ. ಜಾರ್‌ಗೆ ಬಿಸಿನೀರು, ಎರಡು ಹನಿ ಸೋಪು ಹಾಕಿ ಅರ್ಧ ನಿಮಿಷ ತಿರುಗಿಸಿ, ತೊಳೆದು, ಬೋರಲು ಹಾಕಿ ಒಣಗಿಸಿ. ಆಮೇಲೂ ರಬ್ಬರ್‌ಗೆ ಬೆಳ್ಳುಳ್ಳಿ ವಾಸನೆ ಇದ್ದರೆ ಅದು ಹೋಗುವುದಿಲ್ಲ, ಹೊಸದು ಹಾಕಿಸಿ. ಸಾಧ್ಯವಿದ್ದರೆ ಕೂಸಿಗೆಂದೇ ಒಂದು ಸಣ್ಣ ಚಟ್ನಿ ಜಾರ್ ಬೇರೆ ಇಟ್ಟುಬಿಡಿ.