ಸಂಶೋಧನೆಗೆ ಫೆಲೋಶಿಪ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಇತಿಹಾಸದಲ್ಲಿ ಕೆ-ಸೆಟ್ ಪಾಸಾಗಿದ್ದೇನೆ. ಈ ವರ್ಷ ಪಿಎಚ್‌ಡಿಗೆ ನೋಂದಣಿಯೂ ಆಯಿತು. ವಯಸ್ಸು 32. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಫೆಲೋಶಿಪ್ ಸಿಗುತ್ತದೆಯೇ?
– ಓದುಗರು, ಹಾಸನ

ಉತ್ತರ: ಕೆ-ಸೆಟ್ ರಾಜ್ಯಮಟ್ಟದ ಪರೀಕ್ಷೆ, ಅದು ಕೊಡುವುದು ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಯನ್ನು ಮಾತ್ರ. ಜೆಆರ್‌ಎಫ್, ಅಂದರೆ ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್, ಬೇಕೆಂದರೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ ಬರೆಯಲೇಬೇಕು. ಜೆಆರ್‌ಎಫ್‌ಗೆ ವಯೋಮಿತಿ 30. ನೀವು ಮಹಿಳೆಯಾಗಿದ್ದರೆ, ಅಥವಾ ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲ ವರ್ಗದವರಾಗಿದ್ದರೆ 5 ವರ್ಷ ಸಡಿಲಿಕೆ ಇದೆ. ಮಹಿಳೆಯೆಂದು ಐದು, ಒಬಿಸಿಯೆಂದು ಇನ್ನೈದು ಅಂತ ಕೂಡಿಸಿಕೊಳ್ಳುವ ಹಾಗಿಲ್ಲ. ಒಟ್ಟು ಸಡಿಲಿಕೆ ಐದೇ ವರ್ಷ.

ಕೆ-ಸೆಟ್ ಬರೆದು ನೆಟ್‌ಗೆ ಹೋಗುವವರು ಎಡವುವುದು ಭಾಷೆಯಲ್ಲಿ. ಕೆ-ಸೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ನೆಟ್‌ನಲ್ಲಿ ಭಾಷಾ ವಿಷಯಗಳನ್ನು ಬಿಟ್ಟರೆ ಉಳಿದೆಲ್ಲ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಓದಿದ ಪರಿಭಾಷೆಗೆ ಇಂಗ್ಲಿಷ್ ಪದ ಯಾವುದೆಂದು ಮೊದಲೇ ಪಟ್ಟಿ ಮಾಡಿಕೊಳ್ಳಿ. ಮೊದಲ ಪತ್ರಿಕೆಯಲ್ಲಿ 50, ಎರಡನೆಯದರಲ್ಲಿ 100 ಪ್ರಶ್ನೆ, ಎರಡೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

2023ರ ಜನವರಿಯಿಂದ ಜಾರಿಯಾದ ದರದಂತೆ ಜೆಆರ್‌ಎಫ್ ಮೊತ್ತ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮಾನವಿಕ ವಿಷಯಗಳಿಗೆ ಕಂಟಿಂಜೆನ್ಸಿ (ಪುಸ್ತಕ, ಓಡಾಟದಂಥ ಖರ್ಚಿನ ಹಣ) ವರ್ಷಕ್ಕೆ ಮೊದಲು 10,000, ಆಮೇಲೆ 20,500. ನೋಂದಣಿಯ ನಂತರ ಜೆಆರ್‌ಎಫ್ ಬಂದರೆ ಹಿಂದಿನ ತಿಂಗಳುಗಳ ಹಣ ಬರುವುದಿಲ್ಲ. ಅಷ್ಟರವರೆಗೆ ಕಾಯುತ್ತ ಕೂರಬೇಡಿ, ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಕಿರಿಯ ಫೆಲೋಶಿಪ್‌ಗೂ ಅರ್ಜಿ ಹಾಕಿ. ಪರಿಷತ್ತಿನ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಎರಡೂ ಸಿಕ್ಕರೆ ಒಂದನ್ನು ಬಿಡಬೇಕಾಗುತ್ತದೆ.

ಪ್ರಶ್ನೆ: ಜೆಆರ್‌ಎಫ್ ಇದೆ. ನಾಲ್ಕು ತಿಂಗಳಿಂದ ದುಡ್ಡು ಬಂದಿಲ್ಲ. ಯುಜಿಸಿಗೆ ಬರೆದರೆ ಉತ್ತರವಿಲ್ಲ.
– ಓದುಗರು, ಕಲಬುರಗಿ

ಉತ್ತರ: ಹೆಚ್ಚಿನ ಸಲ ತಡೆ ಇರುವುದು ದೆಹಲಿಯಲ್ಲಲ್ಲ, ನಿಮ್ಮ ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ. ಪ್ರತಿ ತಿಂಗಳೂ ನೀವು ಕೆಲಸ ಮಾಡುತ್ತಿದ್ದೀರೆಂದು ಅಲ್ಲಿನ 'ಮೇಕರ್' (ಮಾಹಿತಿ ತುಂಬುವ ಸಿಬ್ಬಂದಿ) ಫೆಲೋಶಿಪ್ ಪೋರ್ಟಲ್‌ನಲ್ಲಿ ನಮೂದಿಸಬೇಕು, 'ಚೆಕರ್' (ಅದನ್ನು ಪರಿಶೀಲಿಸುವವರು) ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ವರ್ಗವಾಗಿ ಹೊಸಬರಿಗೆ ಲಾಗಿನ್ ಬಾರದಿದ್ದರೂ ಇಡೀ ವಿಭಾಗದ ಹಣ ನಿಲ್ಲುತ್ತದೆ. ಮೊದಲು ಅಲ್ಲಿ ವಿಚಾರಿಸಿ. ಆಮೇಲೆ ಆಧಾರ್ ಜೋಡಣೆಯಾದ ಖಾತೆ ಚಾಲ್ತಿಯಲ್ಲಿದೆಯೇ, ಹೆಸರಿನ ಅಕ್ಷರಗಳು ಎಲ್ಲ ಕಡೆ ಒಂದೇ ಇವೆಯೇ ನೋಡಿ.

ಎರಡು ವರ್ಷ ತುಂಬುವ ಹೊತ್ತಾಗಿದ್ದರೆ ಕಾರಣ ಬೇರೆ. ಎಸ್‌ಆರ್‌ಎಫ್‌ಗೆ (ಎರಡು ವರ್ಷದ ನಂತರದ ಹಿರಿಯ ಫೆಲೋಶಿಪ್) ಏರಲು ಗೈಡ್, ವಿಭಾಗದ ಮುಖ್ಯಸ್ಥರು ಮತ್ತು ಹೊರಗಿನ ಒಬ್ಬ ವಿಷಯತಜ್ಞರ ಸಮಿತಿ ನಿಮ್ಮ ಕೆಲಸವನ್ನು ಪರಿಶೀಲಿಸಿ ಸಹಿ ಹಾಕಬೇಕು. ಹೊರಗಿನವರ ದಿನಾಂಕ ಸಿಗುವುದೇ ಕಷ್ಟ. ಎರಡು ತಿಂಗಳು ಮುಂಚೆಯೇ ಗೈಡ್‌ಗೆ ನೆನಪಿಸಿ, ಅವರಿಗೇ ನೆನಪಾಗಲಿ ಎಂದು ಕೂರಬೇಡಿ.

ಪ್ರಶ್ನೆ: ನನ್ನ ಪಿಎಚ್‌ಡಿ ಗುಳೇದಗುಡ್ಡದ ನೇಕಾರರ ಮೇಲೆ. 2023ರಲ್ಲಿ ವೈವಾ (ಮೌಖಿಕ ಪರೀಕ್ಷೆ) ಆಯಿತು, ಘಟಿಕೋತ್ಸವ ಅದರ ಮರುವರ್ಷ. ವಿದೇಶದ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಫೆಲೋಶಿಪ್) ಒಮ್ಮೆ ಅರ್ಜಿ ಹಾಕಿದೆ, ಕಾರಣ ಹೇಳದೆ ತಿರಸ್ಕರಿಸಿದರು. ಪ್ರಸ್ತಾವದ ಮೊದಲ ಪುಟ ಕಳಿಸಿದ್ದೇನೆ. ಇನ್ನೂ ಅವಕಾಶ ಇದೆಯೇ?
– ಓದುಗರು, ಬಾಗಲಕೋಟೆ

ಉತ್ತರ: ಇದೆ, ಆದರೆ ದಿನ ಎಣಿಸಬೇಕು. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ನ ಪೋಸ್ಟ್‌ಡಾಕ್ ವಿಭಾಗಕ್ಕೂ, ಅಮೆರಿಕದ ಫುಲ್‌ಬ್ರೈಟ್-ನೆಹರೂ ಪೋಸ್ಟ್‌ಡಾಕ್‌ಗೂ ಪಿಎಚ್‌ಡಿ ಆಗಿ ನಾಲ್ಕು ವರ್ಷದೊಳಗಿರಬೇಕು. ಯುರೋಪಿನ ಮರಿ ಕ್ಯೂರಿ ಫೆಲೋಶಿಪ್ ಪಿಎಚ್‌ಡಿ ನಂತರದ ಎಂಟು ವರ್ಷದ ಸಂಶೋಧನಾ ಅನುಭವದವರೆಗೆ ಅವಕಾಶ ಕೊಡುತ್ತ ಬಂದಿದೆ. ಆದರೆ ಅದಕ್ಕೆ, ಹೋಗಬೇಕಾದ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ನಿಮ್ಮ ಲೆಕ್ಕ ಘಟಿಕೋತ್ಸವದಿಂದಲ್ಲ, ವೈವಾದಿಂದಲೇ ಶುರುವಾಗಿದೆ ಎಂದುಕೊಂಡು ಹೆಜ್ಜೆ ಇಡಿ. ಪದವಿ ಅಧಿಸೂಚನೆಯ ಪ್ರತಿಯನ್ನು ಈಗಲೇ ಪಡೆದು ಇಟ್ಟುಕೊಳ್ಳಿ.

ಇನ್ನು ಪ್ರಸ್ತಾವ. ಶೀರ್ಷಿಕೆ 'ಗುಳೇದಗುಡ್ಡದ ನೇಕಾರರ ಸಾಮಾಜಿಕ, ಆರ್ಥಿಕ ಮತ್ತು ಸಾಂಸ್ಕೃತಿಕ ಬದುಕು: ಒಂದು ಅಧ್ಯಯನ.' ಇದು ನಮ್ಮ ವಿಭಾಗಗಳ ಅಚ್ಚು, ಇದರಲ್ಲಿ ಪ್ರಶ್ನೆಯೇ ಇಲ್ಲ. ಮೊದಲ ಪ್ಯಾರಾ ಸಿಂಧೂ ನಾಗರಿಕತೆಯ ಹತ್ತಿಯಿಂದ ಶುರುವಾಗುತ್ತದೆ. ಗುಳೇದಗುಡ್ಡ ಬರುವ ಹೊತ್ತಿಗೆ ಪುಟ ಮುಗಿದಿದೆ. ಕಟ್ಟು ಕಟ್ಟು ಅರ್ಜಿ ಓದುವವರು ಅಲ್ಲಿಯವರೆಗೆ ಬರುವುದಿಲ್ಲ. ಥೀಸಿಸ್‌ನಲ್ಲಿ ಬಗೆಹರಿಯದೆ ಉಳಿದ ಒಂದೇ ಸಂಗತಿ ಹಿಡಿಯಿರಿ. ಉದಾಹರಣೆಗೆ: ಗಿರಣಿ ಬಟ್ಟೆ ಬಂದು ಎಷ್ಟೋ ಊರುಗಳ ಮಗ್ಗ ನಿಂತರೂ ಖಣ ನೇಯುವ ಮಗ್ಗ ಹೇಗೆ ಉಳಿಯಿತು? ಸಾಲ ಕೊಟ್ಟವರು ಯಾರು, ಕೊಂಡವರು ಯಾರು? ಮೊದಲ ಐದು ಸಾಲಿನಲ್ಲಿ ಇದು ಬಂದುಬಿಡಲಿ.

ದೊಡ್ಡ ದೋಷ ಇನ್ನೊಂದಿದೆ. 'ಪ್ರಾಥಮಿಕ ಮತ್ತು ದ್ವಿತೀಯ ಆಕರಗಳನ್ನು ಬಳಸಲಾಗುವುದು' ಎಂದಷ್ಟೇ ಬರೆದಿದ್ದೀರಿ. ಯಾವ ಕಡತ, ಯಾವ ಊರಲ್ಲಿ? ಗುಳೇದಗುಡ್ಡ ಬ್ರಿಟಿಷರ ಕಾಲದಲ್ಲಿ ಬಿಜಾಪುರ ಜಿಲ್ಲೆ, ಮುಂಬಯಿ ಪ್ರಾಂತ್ಯ. ಹಾಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕಿಂತ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ನಿಮಗೆ ಕೆಲಸ ಹೆಚ್ಚು. 1818ಕ್ಕೆ ಹಿಂದೆ ಹೋದರೆ ಪುಣೆಯ ಪೇಶ್ವೆ ದಫ್ತರ (ಪೇಶ್ವೆಗಳ ಆಡಳಿತದ ದಾಖಲೆಗಳು), ಅಲ್ಲಿನ ಕಾಗದ ಹೆಚ್ಚಾಗಿ ಮೋಡಿ ಲಿಪಿಯಲ್ಲಿ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರ). ಮೋಡಿ ಓದಲು ಬಾರದಿದ್ದರೆ ಆ ಕಾಲಕ್ಕೆ ಕೈ ಹಾಕಬೇಡಿ, ಬರುವುದಾದರೆ ಅದನ್ನು ಎದ್ದು ಕಾಣುವಂತೆ ಬರೆಯಿರಿ; ಆ ಒಂದು ಸಾಲಿಗೆ ಹತ್ತು ವಿಚಾರ ಸಂಕಿರಣಗಳ ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಕ. (ಇದೇ ವಿಷಯ ರಾಯಚೂರಿನದಾಗಿದ್ದರೆ ಹೈದರಾಬಾದಿಗೆ, ಬಳ್ಳಾರಿ ಅಥವಾ ಮಂಗಳೂರಿನದಾಗಿದ್ದರೆ ಚೆನ್ನೈಗೆ ಹೋಗಬೇಕಿತ್ತು. 1956ಕ್ಕೆ ಮುಂಚಿನ ಕರ್ನಾಟಕದ ಕಡತಗಳೆಲ್ಲ ಹೀಗೆ ಚೆಲ್ಲಾಪಿಲ್ಲಿ.) ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳಿವೆ. ಯುರೋಪಿಗೆ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಅದು ಅರ್ಧ ಉತ್ತರ. ಉಳಿದರ್ಧ, ಅಲ್ಲಿ ನಿಮ್ಮೊಡನೆ ಕೆಲಸ ಮಾಡುವ ಪ್ರಾಧ್ಯಾಪಕರು.

ಹಂಬೋಲ್ಟ್‌ಗೆ ಜರ್ಮನಿಯ ಆತಿಥೇಯರ ಒಪ್ಪಿಗೆ ಬೇಕೇ ಬೇಕು. ಅರ್ಜಿಯನ್ನು ವರ್ಷದ ಯಾವಾಗ ಬೇಕಾದರೂ ಹಾಕಬಹುದು. ಮರಿ ಕ್ಯೂರಿ ಅರ್ಜಿಯನ್ನು ಅಲ್ಲಿನ ಸಂಸ್ಥೆಯ ಜೊತೆಗೂಡಿಯೇ ಸಲ್ಲಿಸಬೇಕು, ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್. ಮಾರ್ಚ್‌ನಲ್ಲೇ ಮೇಲ್ ಮಾಡಿದರೆ ಸಮಯ ಸಾಕು, ಆಗಸ್ಟ್‌ನಲ್ಲಿ ಮಾಡಿದರೆ ಅವರು ರಜೆಯಲ್ಲಿರುತ್ತಾರೆ. ಆ ಮೇಲ್‌ನಲ್ಲಿ ನಾಲ್ಕು ವಿಷಯ ಸಾಕು: ನೀವು ಯಾರು, ಪ್ರಶ್ನೆ ಏನು, ಅವರ ಯಾವ ಕೆಲಸಕ್ಕೆ ಅದು ತಾಗುತ್ತದೆ, ಯಾವಾಗಿನಿಂದ ಯಾವಾಗಿನವರೆಗೆ. ಜೊತೆಗೆ ಎರಡು ಪುಟದ ಪ್ರಸ್ತಾವ. ಒಂದೇ ಮೇಲ್ ಅನ್ನು ನಲವತ್ತು ಜನರಿಗೆ ಕಳಿಸುವವರಿದ್ದಾರೆ. ಓದಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಮರಿ ಕ್ಯೂರಿಯಲ್ಲಿ ಸಂಶೋಧನೆಯ ಗುಣಕ್ಕೆ ಶೇ. 50, ಪರಿಣಾಮಕ್ಕೆ 30, ಅನುಷ್ಠಾನಕ್ಕೆ 20 ಅಂಕ. ಹಾಗಾಗಿ ಮುಂಬಯಿಯಲ್ಲಿ ಎಷ್ಟು ತಿಂಗಳು, ಲಂಡನ್ನಿನಲ್ಲಿ ಎಷ್ಟು, ಬರವಣಿಗೆಗೆ ಎಷ್ಟು ಎಂಬ ವೇಳಾಪಟ್ಟಿಗೂ ನೇರವಾಗಿ ಅಂಕವಿದೆ. ಅದನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಅತಿಥಿ ಉಪನ್ಯಾಸಕ. ಯಾವ ಸಂಸ್ಥೆಯೂ ನನ್ನದಲ್ಲ. ಎಲ್ಲ ಅರ್ಜಿಯಲ್ಲೂ 'ಸಂಸ್ಥೆಯ ಮುಖ್ಯಸ್ಥರ ಸಹಿ' ಕೇಳುತ್ತಾರೆ.
– ಓದುಗರು, ಶಿವಮೊಗ್ಗ

ಉತ್ತರ: ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ ಫೆಲೋಶಿಪ್‌ಗೆ ಸಂಸ್ಥೆ ಬೇಕು, ಆದರೆ ಅದು ನೀವು ಪಾಠ ಮಾಡುವ ಕಾಲೇಜೇ ಆಗಬೇಕಿಲ್ಲ. ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ), ಧಾರವಾಡದ ಸಿಎಂಡಿಆರ್ (ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ) ಎರಡೂ ಪರಿಷತ್ತಿನ ಅನುದಾನದ ಸಂಸ್ಥೆಗಳು. ನಿಮ್ಮ ವಿಷಯಕ್ಕೆ ಹತ್ತಿರದವರು ಅಲ್ಲಿದ್ದರೆ ಮೊದಲು ಅವರನ್ನು ಕೇಳಿ.

ಸಂಸ್ಥೆಯೇ ಬೇಡದ ದಾರಿಗಳೂ ಇವೆ. ಬೆಂಗಳೂರಿನ ನ್ಯೂ ಇಂಡಿಯಾ ಫೌಂಡೇಷನ್ ಸ್ವತಂತ್ರ ಭಾರತದ ಬಗ್ಗೆ ಪುಸ್ತಕ ಬರೆಯುವವರಿಗೆ ಒಂದು ವರ್ಷದ ಫೆಲೋಶಿಪ್ ಕೊಡುತ್ತದೆ, ಪಿಎಚ್‌ಡಿಯನ್ನೂ ಕೇಳುವುದಿಲ್ಲ. ಕನ್ನಡದ ಕಥೆಯೇತರ ಕೃತಿಗಳನ್ನು ಇಂಗ್ಲಿಷಿಗೆ ತರಲು ಅದರದ್ದೇ ಅನುವಾದ ಫೆಲೋಶಿಪ್ ಇದೆ. ವಿಷಯ ರಂಗಭೂಮಿ, ಯಕ್ಷಗಾನ, ಚಿತ್ರಕಲೆಯಾಗಿದ್ದರೆ ಬೆಂಗಳೂರಿನದೇ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ನೋಡಿ, ಅಲ್ಲಿಗೆ ಕನ್ನಡದಲ್ಲೇ ಬರೆಯಬಹುದು.

ಪ್ರಶ್ನೆ: ಮೌಲಾನಾ ಆಜಾದ್ ಫೆಲೋಶಿಪ್‌ಗೆ ಈಗ ಅರ್ಜಿ ಹಾಕುವುದು ಎಲ್ಲಿ?
– ಓದುಗರು, ಬೀದರ್

ಉತ್ತರ: ಹೊಸ ಅರ್ಜಿ ಇಲ್ಲ, ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಆ ಯೋಜನೆಯನ್ನು 2022ರಲ್ಲಿ ಕೇಂದ್ರ ಸರ್ಕಾರ ನಿಲ್ಲಿಸಿತು. ಕೆನೆಪದರಕ್ಕೆ ಸೇರದ ಒಬಿಸಿ ಪ್ರಮಾಣಪತ್ರ ನಿಮಗಿದ್ದರೆ ಒಬಿಸಿ ರಾಷ್ಟ್ರೀಯ ಫೆಲೋಶಿಪ್ ಇದೆ. ಅದು ನೆಟ್ ಫಲಿತಾಂಶದ ಮೇಲೆಯೇ ಸಿಗುವುದರಿಂದ ನೆಟ್ ಅರ್ಜಿ ತುಂಬುವಾಗ ವರ್ಗದ ಕಾಲಂ ತಪ್ಪದಂತೆ ನೋಡಿಕೊಳ್ಳಿ.